ಬಾಗಿಲು ಮುಚ್ಚಿದ ಕೊಟ್ಟಿಗೆಗಳು

ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕುವಾಗ ಊರಿನ ಹೊರಗಿನಿಂದ ಒಳಗೆ ಬರಬೇಕು. ಮೊದಲು ಆರೋಗ್ಯವಾಗಿರುವ ದನ, ಕೊನೆಗೆ ರೋಗವಿರುವ ಕೊಟ್ಟಿಗೆ. ಅಲ್ಲಿಗೆ ಹೋದ ಮೇಲೆ ಆ ದಿನ ಇನ್ನೊಂದು ಕೊಟ್ಟಿಗೆಯನ್ನು ಮೆಟ್ಟಲೇಬಾರದು. ಈ ವೈರಸ್ಸು ಹರಡುವುದಕ್ಕೆ ದನವೇ ನಡೆದು ಹೋಗಬೇಕೆಂದಿಲ್ಲ. ಮನುಷ್ಯನ ಚಪ್ಪಲಿ, ಅಂಗಿಯ ತೋಳು, ಉಗುರಿನ ಸಂದು ಸಾಕು. ಹನೂರಿನಿಂದ ಗೋಪಿನಾಥಂ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಊರಿನಲ್ಲಿ ನಾನು ಈ ಮಾತನ್ನು ಮನೆಮನೆಗೂ ಹೇಳಿದೆ. ಹೇಳಲೇಬೇಕಾಗಿದ್ದ ಒಬ್ಬರಿಗೆ ಹೇಳಿದ್ದು ಮಾತ್ರ ಕೊನೆಯಲ್ಲಿ.

ಆ ಊರಿನಲ್ಲಿ ಹೆಚ್ಚಿನವರು ಕ್ರೈಸ್ತರು. ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ. ಪೊಂಗಲ್ ಬಂತೆಂದರೆ ದನಗಳ ಕೊಂಬಿಗೆ ಬಣ್ಣ ಬಳಿದು ಎಲ್ಲವನ್ನೂ ಚರ್ಚಿನ ಮುಂದಿನ ಬಯಲಿಗೆ ಹೊಡೆದುಕೊಂಡು ಬರುತ್ತಾರೆ. ಪೂಜೆ ಮುಗಿದ ಮೇಲೆ ಪಾದ್ರಿಗಳು ಆಶೀರ್ವದಿಸಿದ ತೀರ್ಥವನ್ನು ಕಲ್ಲಿನ ತೊಟ್ಟಿಗೆ ಸುರಿಯುತ್ತಾರೆ, ಊರಿನ ಅಷ್ಟೂ ದನ ಆ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಮಾರನೆಯ ದಿನ, ಹಾಲು ಕರೆಯುವ ಒಂದೆರಡು ಹಸುಗಳನ್ನು ಮನೆಯಲ್ಲಿ ಬಿಟ್ಟು ಉಳಿದವೆಲ್ಲ ಕಾಡಂಚಿನ ದೊಡ್ಡಿಗಳಿಗೆ ಹೊರಡುತ್ತವೆ. ದೊಡ್ಡಿ ಎಂದರೆ ಮುಳ್ಳಿನ ಬೇಲಿ ಕಟ್ಟಿದ ದನದ ಬೀಡು. ಅಲ್ಲಿಗೆ ಜೀಪು ಹೋಗುವುದಿಲ್ಲ, ಫೋನ್ ಸಿಗುವುದಿಲ್ಲ. ರೋಗ ಅಲ್ಲಿಗೆ ಹೊಕ್ಕರೆ ಕರುಗಳು ಸಾಯುವುದು ನಮಗೆ ತಿಳಿಯುವುದಕ್ಕೆ ವಾರಗಳೇ ಬೇಕು. ಅಷ್ಟರಲ್ಲಿ ಪಕ್ಕದ ಊರುಗಳ ದೊಡ್ಡಿಗೂ, ಅದೇ ನೀರಿಗೆ ಬರುವ ಜಿಂಕೆ, ಕಾಡೆಮ್ಮೆಗಳಿಗೂ ಅದು ತಲುಪಿರುತ್ತದೆ.

ಡೇರಿಯಲ್ಲಿ ಹಾಲು ಅಳೆಯುವವರು ಫೋನ್ ಮಾಡಿದ್ದು ಪೊಂಗಲ್‌ಗೆ ಎರಡು ವಾರವಿರುವಾಗ. ಒಂದು ಬೀದಿಯ ಹಾಲು ಇದ್ದಕ್ಕಿದ್ದ ಹಾಗೆ ಇಳಿದಿತ್ತು. ನಾನು ಕೊಳ್ಳೇಗಾಲದಲ್ಲಿದ್ದ ಮೇಲಧಿಕಾರಿಗಳಿಗೆ ವರದಿ ಮಾಡಿದೆ.

"ನಿಮ್ಮೋರ ಊರೇ ಅಲ್ವೇನಮ್ಮ ಅದು?" ಅಂದರು ಅವರು. "ನೀವು ಹೋದ್ರೆ ಮಾತು ಕೇಳ್ತಾರೆ. ಮೊದ್ಲು ಒಂದು ಪ್ರೇಯರ್ ಗೀಯರ್ ಮಾಡ್ಬಿಡಿ, ಆಮೇಲೆ ಸೂಜಿ."

ನಾನು ಫೋನ್ ಇಟ್ಟೆ. ಪಶುವೈದ್ಯೆಯಾಗಲು ನಾನು ಓದಿದ್ದು ದನದ ಅಂಗರಚನೆ, ರೋಗಶಾಸ್ತ್ರ, ಔಷಧಶಾಸ್ತ್ರ. ನಾನು ಪ್ರಾರ್ಥಿಸುತ್ತೇನೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ನನ್ನ ಹೆಸರು ಮಾತ್ರ. ಹೆಸರೊಂದನ್ನು ಹಿಡಿದು ನನ್ನೊಳಗಿನ ಕೋಣೆಗೆ ಕೈಹಾಕಿದಂತಾಯಿತು.

ನನಗೆ ಪ್ರಾರ್ಥನೆ ಕಲಿಸಿದವರು ಅಜ್ಜಿ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಅಜ್ಜಿ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ನಿಂತು, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನಿರುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ದೇವರಲ್ಲಿ ಏನು ಕೇಳಿದೆ ಅಜ್ಜಿ ಎಂದರೆ, "ಕೇಳೋದೇನು ಮಗಾ, ಇದ್ದದ್ದು ಇದ್ದಂಗೆ ಹೇಳ್ದೆ" ಅನ್ನುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಜೀಪಿನ ಕಿಟಕಿ ಏರಿಸಿಕೊಂಡು ಆದದ್ದನ್ನು ಆದ ಕ್ರಮದಲ್ಲಿ ಹೇಳುತ್ತೇನೆ. ಸೇರಿಸುವುದಿಲ್ಲ, ಬಿಡುವುದೂ ಇಲ್ಲ. ಆಮೇಲೆ ಸುಮ್ಮನಿರುತ್ತೇನೆ. ಕೆಲವು ದಿನ ಏನೂ ಆಗುವುದಿಲ್ಲ. ಆದರೂ ಮರುದಿನದ ಕೆಲಸಕ್ಕೆ ನಾನು ಏಳುವುದು ಆ ಸುಮ್ಮನಿರುವಿಕೆಯ ಬಲದಿಂದಲೇ.

ಮೊದಲ ದಿನ ನನ್ನ ಜೊತೆ ಬಂದವರು ಆಸ್ಪತ್ರೆಯ ಅಟೆಂಡರ್. ಲೊಕ್ಕನಹಳ್ಳಿಯವರು, ದನದ ಮೂಗುದಾರ ಹಿಡಿಯುವುದರಲ್ಲಿ ಎಷ್ಟು ಗಟ್ಟಿಯೋ ಬಾಯಿಯಲ್ಲೂ ಅಷ್ಟೇ ಗಟ್ಟಿ. ಜೀಪಿನಿಂದ ಲಸಿಕೆಯ ಐಸ್ ಪೆಟ್ಟಿಗೆ ಇಳಿಸುವಷ್ಟರಲ್ಲಿ ಚರ್ಚಿನ ಉಪದೇಶಿಗಳು ಬಂದರು. ಪಾದ್ರಿಗಳು ದೂರದ ಊರಿನಲ್ಲಿರುವುದರಿಂದ ಇಲ್ಲಿ ಪ್ರಾರ್ಥನೆ ಹೇಳಿಕೊಡುವುದು, ಹಬ್ಬ ನಡೆಸುವುದು, ಸಂಜೆ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ಮಾಡುವುದು ಎಲ್ಲವೂ ಇವರದೇ. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ದೊಡ್ಡ ಗಂಟಲು.

"ಬನ್ನಿ ಡಾಕ್ಟ್ರಮ್ಮ. ನಮ್ ಕುಲದ ಮಗ್ಳು ಬಂದವ್ಳೆ ಅಂತ ಊರೇ ಕಾಯ್ತಾ ಅದೆ. ಈ ಪೆಟ್ಗೆ ಮ್ಯಾಲೆ ಕೈ ಮಡಗಿ ಗಟ್ಟಿಯಾಗಿ ಒಂದು ಪ್ರಾರ್ಥನೆ ಏಳ್ಬುಡಿ, ಜನ ಕೇಳ್ಕಳ್ಳಿ."

"ಬಿಸಿಲಲ್ಲಿ ತಡವಾದರೆ ಐಸ್ ಕರಗುತ್ತದೆ" ಅಂದೆ.

"ದೇವ್ರ ಎಸ್ರು ಏಳಕೂ ಐಸ್ ಅಡ್ಡ ಬಂತಾ?" ಸುತ್ತ ನಿಂತವರು ನಕ್ಕರು. "ಓದ್ಕಂಡೋರ್ಗೆ ಪ್ರಾರ್ಥನೆ ಅಂದ್ರೆ ನಾಚ್ಕೆ ಕಣ್ರಪ್ಪಾ."

ಅಟೆಂಡರ್ ಸಿರಿಂಜಿಗೆ ಸೂಜಿ ಸಿಕ್ಕಿಸುತ್ತಾ, "ನಿಮ್ ದೇವ್ರು ನಮ್ ಮಾದಪ್ಪ ಇಬ್ರೂ ಬಂದ್ರೂ ದನ ಇಡ್ಕಳೋನು ನಾನೇ ಕಣ್ರಿ, ದಾರಿ ಬುಡಿ" ಅಂದರು. ಅಲ್ಲಿಗೆ ಆ ಮಾತು ನಿಂತಿತು. ನನ್ನ ಕಿವಿ ಮಾತ್ರ ಸಂಜೆಯವರೆಗೂ ಬಿಸಿಯಾಗಿತ್ತು.

ಹೊರಗಿನ ಬೀದಿಯಿಂದ ಶುರು ಮಾಡಿದೆವು. ಪ್ರತಿ ಕೊಟ್ಟಿಗೆಯ ಬಾಗಿಲಲ್ಲೂ ವಾಷಿಂಗ್ ಸೋಡಾ ಕರಗಿಸಿದ ನೀರಿನ ಬಕೆಟ್ ಇಟ್ಟು, ಬೂಟು ಅದ್ದಿ, ಮೊಣಕೈವರೆಗೆ ತೊಳೆದು ಒಳಗೆ ಹೋಗುವುದು. ಹೊರಬಂದು ಮತ್ತೆ ತೊಳೆಯುವುದು. ದನಕ್ಕೊಂದು ಹೊಸ ಸೂಜಿ. ಹಾಲು ಕಮ್ಮಿಯಾಗುತ್ತದೆ, ಗಬ್ಬ ನಿಲ್ಲುವುದಿಲ್ಲ ಎಂದು ಕೆಲವರು ಬಾಗಿಲು ಹಾಕಿಕೊಂಡರು. ಕೂಗಾಡದೆ ಮತ್ತೆ ಹೋದೆವು. ರೋಗ ಕಂಡ ಮನೆಗಳಲ್ಲಿ ಕೊನೆಗೆ ಬಾಯಿ ತೊಳೆದು, ಬೋರಿಕ್ ಪೌಡರನ್ನು ಜೇನಿನಲ್ಲಿ ಕಲಸಿ ನಾಲಿಗೆಯ ಹುಣ್ಣಿಗೆ ಹಚ್ಚಿ, ಗೊರಸಿನ ಸಂದಿಗೆ ಔಷಧಿ ಹಾಕಿ ಬರುತ್ತಿದ್ದೆವು.

ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ. ಈ ರೋಗ ಒಟ್ಟಿಗೆ ಮೇಯುವ ದನಗಳಿಗೆ, ಒಂದೇ ಕೆರೆಯಲ್ಲಿ ನೀರು ಕುಡಿಯುವ ದನಗಳಿಗೆ ಬರಬೇಕು. ಇಲ್ಲಿ ಅದು ನಡುವಿನ ಮನೆಗಳನ್ನು ಬಿಟ್ಟು ಹಾರುತ್ತಿತ್ತು. ಮೇಲಿನ ಬೀದಿಯ ಮೂಲೆಮನೆ, ಆಮೇಲೆ ಊರಿನ ಇನ್ನೊಂದು ತುದಿ, ಆಮೇಲೆ ಹಿಂದಿನ ಬೀದಿ. ನಾವೇ ಹೊತ್ತು ತಿರುಗುತ್ತಿದ್ದೇವೆಯೇ ಎಂದು ನನಗೆ ಅನುಮಾನ ಬಂದು, ಸೋಡಾ ನೀರನ್ನು ಇನ್ನೂ ಗಟ್ಟಿ ಮಾಡಿದೆ. ಹಾರುವುದು ನಿಲ್ಲಲಿಲ್ಲ.

ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು ತನ್ನ ಕೊಟ್ಟಿಗೆಯ ಒಂದು ಮೂಲೆಗೆ ಹಳೆಯ ಸೀರೆ ಕಟ್ಟಿದ್ದಳು. ಹಸುವಿಗೆ ಲಸಿಕೆ ಹಾಕಬೇಕೆಂದು ಬಾಗಿಲಲ್ಲಿ ನಿಂತಾಗ ಸೀರೆಯ ಹಿಂದಿನಿಂದ ತುಟಿ ಚಪ್ಪರಿಸುವ ಸದ್ದು ಬಂತು. ಆ ಸದ್ದು ಏನೆಂದು ನನಗೆ ಗೊತ್ತು. ಸೀರೆ ಸರಿಸಿದೆ. ಹಾಲು ಕುಡಿಯುವ ಕರು. ಬಾಯಿಯಿಂದ ನೊರೆ ಜೊಲ್ಲು, ಮೈಯೆಲ್ಲ ನಡುಕ, ಉಸಿರು ಮೇಲೆ ಮೇಲೆ.

"ಯಾವಾಗಿನಿಂದ?"

"ಮೆಲ್ಕೆ ಮಾತಾಡಿ ಡಾಕ್ಟ್ರಮ್ಮ, ನಿಮ್ ದಮ್ಮಯ್ಯ. ಯಾರ್ಗೂ ಏಳ್ಬ್ಯಾಡಿ."

"ಯಾಕೆ ಮುಚ್ಚಿಟ್ಟಿರಿ? ಮೊದಲೇ ಹೇಳಿದ್ದರೆ..."

"ಎಂಗೆ ಏಳ್ಳಿ? ಯಾರ್ ಮನೇಲಿ ಜಪ ಕಮ್ಮಿನೋ ಅವ್ರ್ ಕೊಟ್ಗೆಗೆ ಜ್ವರ ಬತ್ತದೆ ಅಂತ ಉಪದೇಶಿ ಕೂಟದಲ್ಲಿ ಏಳವ್ರೆ. ನಮ್ ಯಜಮಾನ್ರು ಪೂಜೆಗೆ ಬರಾಕಿಲ್ಲ, ಊರ್ಗೇ ಗೊತ್ತು. ಕರೂಗೆ ಇಂಗಾಯ್ತು ಅಂದ್ರೆ ನಾಳೀಕೆ ಬಾವಿ ತಾವ ತಲೆ ಎತ್ತಾಕಾದದ? ನಮ್ ದನಾನ ಹಬ್ಬದ ಬಯಲ್ಗೂ ಬುಡಾಕಿಲ್ಲ."

ಮರುದಿನ ಬೆಳಿಗ್ಗೆ ಕರು ಸತ್ತಿತ್ತು. ಅವಳ ಒಪ್ಪಿಗೆ ಕೇಳಿ ಹೊಲದ ಮೂಲೆಯಲ್ಲಿ ಅದನ್ನು ಕೊಯ್ದು ನೋಡಿದೆ. ಹೃದಯದ ಸ್ನಾಯುವಿನ ಮೇಲೆ ಬೂದಿಬಣ್ಣದ ಪಟ್ಟೆಗಳು, ಹುಲಿಯ ಮೈಯ ಹಾಗೆ. ಎಳೆ ಕರುಗಳಲ್ಲಿ ಈ ವೈರಸ್ಸು ನೇರ ಹೃದಯಕ್ಕೆ ಹೋಗುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿಸಿದೆ. ಅವಳು ಅಳಲೂ ಇಲ್ಲ, ಅತ್ತರೆ ಪಕ್ಕದವರಿಗೆ ಕೇಳಿಸುತ್ತದಲ್ಲ. ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು.

ಜೊಲ್ಲು ಶುರುವಾದದ್ದು ಯಾವಾಗ ಎಂದು ಮತ್ತೆ ಕೇಳಿದೆ. ಅವಳು ನೆನಪು ಮಾಡಿಕೊಂಡಳು. "ನಮ್ಮನೇಲಿ ಕೂಟ ಆಯ್ತಲ್ಲ, ಅದಾಗಿ ಮೂರ್ನಾಕ್ ದಿನಕ್ಕೆ."

ಅಲ್ಲಿಂದ ನೇರ ಬೂಟು ತೊಳೆದು, ಬಟ್ಟೆ ಬದಲಿಸಿ, ರೋಗ ಬಂದಿದ್ದ ಇತರ ಮನೆಗಳ ಹೆಂಗಸರನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದೆ. ಆ ಊರಿನಲ್ಲಿ ಯಾರೂ ದಿನವನ್ನು ತಾರೀಕಿನಿಂದ ಹೇಳುವುದಿಲ್ಲ. ಮೂಲೆಮನೆಯವಳು ಅಂದಳು, "ಕೂಟ ಆದ್ಮ್ಯಾಕೆ." ಊರ ತುದಿಯವಳು ಅಂದಳು, "ಉಪದೇಶಿ ಬಂದು ದನದ ಮ್ಯಾಲೆ ಕೈ ಮಡಗಿ ಪ್ರಾರ್ಥನೆ ಮಾಡಿ ಓದ್ರಲ್ಲ, ಆವತ್ತಿಂದಾಚೆ ಮೂರ್ನಾಕ್ ದಿನಕ್ಕೆ."

ರೋಗ ಹಾರಿದ್ದು ಕೂಟದ ದಾರಿಯಲ್ಲಿ. ನಾವು ಹನೂರಿಗೆ ಹಿಂತಿರುಗಿದ ಮೇಲೆ, ಸಂಜೆ ಸಂಜೆ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅದೇ ಬಿಳಿ ಅಂಗಿ, ಅದೇ ಕೈ. ಕಾಯಿಲೆಯ ದನ ಮುಟ್ಟಿದ ಕೈಯೇ ಮುಂದಿನ ಮನೆಯ ಚೆನ್ನಾಗಿರುವ ದನದ ಮೂತಿಯ ಮೇಲೆ. ಆಮೇಲೆ ಆ ಮನೆಗೆ ಜ್ವರ ಬಂದರೆ ಅವರ ಜಪ ಕಮ್ಮಿ!

ನನಗೆ ಸಿಟ್ಟು ಬಂತು. ಪಾದ್ರಿಗಳಿಗೆ ಫೋನ್ ಮಾಡಿದೆ. ಬಯಲಿನಲ್ಲಿ ದನ ಸೇರಿಸಬೇಡಿ, ತೊಟ್ಟಿಯ ನೀರು ಕುಡಿಸಬೇಡಿ ಎಂದೆ.

"ನೀವು ಹೇಳೋದು ಸರಿಯಮ್ಮ" ಅಂದರು. "ಆದ್ರೆ ಹಬ್ಬ ಊರಿನವರದು. ಉಪದೇಶಿ ಒಪ್ಪಿದ್ರೆ ನನ್ನದೇನೂ ಅಡ್ಡಿಯಿಲ್ಲ."

ಮೇಲಧಿಕಾರಿಗಳು, "ತಹಶೀಲ್ದಾರರ ಆದೇಶ ಮಾಡಿಸ್ಲಾ? ಪೊಲೀಸ್ ಬರ್ತಾರೆ" ಅಂದರು. ಅಟೆಂಡರ್ ತಲೆ ಆಡಿಸಿದರು. "ಪೋಲೀಸ್ ಜೀಪು ಅನೂರ್ ಬುಡೋದ್ರೊಳ್ಗೇ ಇವ್ರು ದನ ಎಲ್ಲ ದೊಡ್ಡೀಗೆ ಒಡ್ದುಬುಡ್ತಾರೆ ಮೇಡಂ. ಕಾಯಿಲೇವೂ ಸೇರ್ಸಿ." ಅದು ನಿಜ. ಆದೇಶ ಬಂದರೆ ನಾನು ಹೆದರಿದ್ದೇ ಆಗುತ್ತಿತ್ತು.

ಉಳಿದದ್ದು ಒಂದೇ ದಾರಿ ಎಂದು ನನಗೆ ಅನ್ನಿಸಿತು. ಮರುದಿನ ಭಾನುವಾರ. ಪೂಜೆ ಮುಗಿದಾಗ ಮೈಕಿನ ಮುಂದೆ ನಿಂತು ಎಲ್ಲವನ್ನೂ ಹೇಳುವುದು. ಯಾವ ಮನೆಯಿಂದ ಯಾವ ಮನೆಗೆ, ಯಾರ ಕೈಯಿಂದ. ಉಪದೇಶಿಗಳು ಗಟ್ಟಿಯಾಗಿ ಹೇಳು ಅಂದರಲ್ಲ, ಗಟ್ಟಿಯಾಗಿಯೇ. ವಾಕ್ಯಗಳು ತಾವಾಗಿ ಜೋಡಿಸಿಕೊಳ್ಳುತ್ತಿದ್ದವು, ಅವರ ಮುಖ ಹೇಗೆ ಬಾಡುತ್ತದೆ ಎಂಬುದೂ ಕಾಣುತ್ತಿತ್ತು.

ಅಟೆಂಡರ್ ಟೀ ಕುಡಿಯಲು ಹೋದರು. ನಾನು ಜೀಪಿನ ಕಿಟಕಿ ಏರಿಸಿದೆ. ಆದದ್ದನ್ನು ಆದ ಕ್ರಮದಲ್ಲಿ ಹೇಳಲು ಶುರುಮಾಡಿದೆ. ಕರು. ಪಟ್ಟೆ ಬಿದ್ದ ಹೃದಯ. ಸೆರಗು ತುರುಕಿದ ಬಾಯಿ. ಆ ಮನುಷ್ಯ. ಅಲ್ಲಿಗೆ ಬಂದಾಗ ಕ್ರಮ ತಪ್ಪಿತು. ದೇವರ ಮೇಲೆಯೇ ಸಿಟ್ಟು ತಿರುಗಿತು. ನಿನ್ನ ಹೆಸರನ್ನು ಇಷ್ಟು ಜೋರಾಗಿ ಕೂಗುವವರನ್ನು ನೀನು ಯಾಕೆ ತಡೆಯುವುದಿಲ್ಲ ಎಂದು ಕೇಳಿದೆ. ಸುಮ್ಮನೆ ಒಳಗೇ ಕೇಳಿದ್ದು. ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಸುಮ್ಮನೆ ಕುಳಿತೆ. ಜೀಪಿನೊಳಗೆ ಸೆಕೆ, ಫಿನಾಯಿಲಿನ ವಾಸನೆ.

ಆ ಸುಮ್ಮನಿದ್ದ ಹೊತ್ತಿನಲ್ಲಿ ಕಂಡದ್ದು ಬೆಳಕೇನಲ್ಲ, ಆ ಹಳೆಯ ಸೀರೆ. ನಾಳೆ ನಾನು ಮೈಕಿನಲ್ಲಿ ಅವರ ಮಾನ ಹರಾಜು ಹಾಕಿದರೆ ಊರು ಕಲಿಯುವುದೇನು? ಸಿಕ್ಕಿಬಿದ್ದವರನ್ನು ಎಲ್ಲರ ಮುಂದೆ ನಿಲ್ಲಿಸುತ್ತಾರೆ ಎಂದು. ಅದನ್ನು ಕೂಟ ಈಗಾಗಲೇ ಕಲಿಸಿದೆ. ನಾಳಿದ್ದಿನಿಂದ ಇನ್ನಷ್ಟು ಕೊಟ್ಟಿಗೆಗಳಲ್ಲಿ ಸೀರೆ ಕಟ್ಟುತ್ತಾರೆ. ನನಗೆ ಬೇಕಾಗಿರುವುದು ಅವರ ತಲೆ ತಗ್ಗುವುದೋ, ದೊಡ್ಡಿಯ ಕರುಗಳು ಬದುಕುವುದೋ? ಎರಡೂ ಬೇಕಾಗಿತ್ತು, ಸುಳ್ಳು ಹೇಳುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕಾಯಿತು. ಬಿಟ್ಟೆ, ಸಂತೋಷದಿಂದೇನೂ ಅಲ್ಲ.

ಉಪದೇಶಿಗಳು ಚರ್ಚಿನ ಬಯಲಿನಲ್ಲಿ ಒಬ್ಬರೇ ಕಲ್ಲುತೊಟ್ಟಿ ಉಜ್ಜುತ್ತಿದ್ದರು, ಹಬ್ಬಕ್ಕೆ. ಅಟೆಂಡರನ್ನು ಅಂಗಡಿಯ ಬಳಿಯೇ ಇರಲು ಹೇಳಿ ಹೋದೆ.

"ಕೂಟದಲ್ಲಿ ದನ ಮುಟ್ಟಿದ ಮೇಲೆ ಕೈ ತೊಳೆಯುತ್ತೀರಾ?"

"ಪ್ರಾರ್ಥನೆ ಮಾಡಿದ್ ಕೈಯ ಯಾಕಮ್ಮ ತೊಳೀಬೇಕು?"

ಜಂಬದಿಂದ ಹೇಳಿದ ಮಾತಲ್ಲ. ಅವರು ಅದನ್ನು ನಿಜವೆಂದೇ ನಂಬಿದ್ದರು. ನಾಟಕವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಮನೆಗಳನ್ನು ಒಂದೊಂದಾಗಿ ಹೇಳಿದೆ, ಕರು ಸತ್ತದ್ದನ್ನೂ. ಅವರು ಮೊದಲು ನಕ್ಕರು, ಆಮೇಲೆ ತೆಂಗಿನ ನಾರನ್ನು ಕೆಳಗೆ ಹಾಕಿದರು.

"ಹಿಂದಿನ ಬೀದಿಯ ಮನೆಗೆ ಹೋಗುವ ಮೊದಲು ಯಾವ ಕೊಟ್ಟಿಗೆಯಲ್ಲಿದ್ದಿರಿ?"

ಅವರು ತಮ್ಮ ಅಂಗೈ ನೋಡಿಕೊಂಡರು. "ಮೂಲೆಮನೆ ಓರಿ ತಾವ. ಬಾಯೊಳೀಕೆ ಕೈ ಆಕಿ ತೀರ್ಥ ಕುಡಿಸ್ದೆ. ಅಲ್ಲಿಂದ ಸೀದಾ ಆ ಕರ ತಾವ್ಕೆ ಬಂದೆ." ಮತ್ತೆ, "ಅಂದ್ರೆ ನನ್ ಕೈಯಿಂದ್ಲೇ ಸತ್ತೋಯ್ತು ಅಂತೀರಾ?"

"ನಿಮ್ಮ ಕೈಗೆ ಹತ್ತಿದ್ದರಿಂದ. ಆಮೇಲೆ ಜ್ವರ ಬಂದ ಮನೆಯಲ್ಲೆಲ್ಲ ಜಪ ಕಮ್ಮಿ ಅಂದಿರಿ."

"ದೇವ್ರ ಕೆಲ್ಸ ಅಂತ ಮಾಡ್ದೆ ಕಣಮ್ಮ!" ಕಿರುಚಿದರು. "ನೆನ್ನೆ ಮೊನ್ನೆ ಬಂದು ನಂಗೆ ಏಳ್ಕೊಡ್ತೀಯಾ? ನೀನು ಯಾವತ್ತಾದ್ರೂ ಬಾಯ್ಬುಟ್ಟು ಒಂದು ಸ್ತೋತ್ರ ಏಳಿದ್ದೀಯಾ?"

ನಾನು ಏನು ಮಾಡುತ್ತೇನೆ, ಎಲ್ಲಿ ಮಾಡುತ್ತೇನೆ ಎಂದು ಹೇಳಲಿಲ್ಲ. ಅದು ಅವರಿಗೆ ಸೇರಿದ್ದಲ್ಲ. "ಹಬ್ಬಕ್ಕೆ ದನ ಈ ಬಯಲಿಗೆ ಬರಬಾರದು. ಜೊಲ್ಲು ನಿಲ್ಲುವವರೆಗೆ ದೊಡ್ಡಿಗೂ ಹೋಗಬಾರದು. ಕೂಟ ಕೊಟ್ಟಿಗೆಯೊಳಗೆ ಕಾಲಿಡಬಾರದು. ನಾನು ಹೇಳಿದರೆ ಇದು ನಡೆಯುವುದಿಲ್ಲ, ನೀವು ಹೇಳಿದರೆ ನಡೆಯುತ್ತದೆ" ಅಂದೆ.

"ನಾನು ಏಳ್ದೇ ಓದ್ರೆ ನೀನು ಊರ್ಗೆಲ್ಲ ಸಾರ್ತೀಯ, ಅಲ್ವಾ?"

"ಇಲ್ಲ. ನಿಮ್ಮ ಮರ್ಯಾದೆಗಾಗಿ ಅಲ್ಲ. ಸಾರಿದರೆ ಇವರೆಲ್ಲ ಕಾಯಿಲೆ ಮುಚ್ಚಿಡುವುದನ್ನು ಇನ್ನೂ ಚೆನ್ನಾಗಿ ಕಲಿಯುತ್ತಾರೆ, ಅದಕ್ಕೆ."

ಸೋಡಾ ನೀರಿಗೆ ಎಷ್ಟು ಪುಡಿ, ಎಷ್ಟು ಹೊತ್ತು ಕೈ ಅದ್ದಬೇಕು ಎಂಬುದನ್ನೂ ಹೇಳಿ, ಒಂದು ಪೊಟ್ಟಣವನ್ನು ತೊಟ್ಟಿಯ ಅಂಚಿನಲ್ಲಿಟ್ಟು ಬಂದೆ. ಅವರು ತಿರುಗಿ ನೋಡಲಿಲ್ಲ. ಮತ್ತೆ ತೊಟ್ಟಿ ಉಜ್ಜುವ ಸದ್ದು ಕೇಳಿಸಿತು. ಸೋತೆ ಅಂದುಕೊಂಡೆ.

ಭಾನುವಾರದ ಪೂಜೆಯಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ಅಟೆಂಡರ್ ಹೊರಗೆ, ಕಿಟಕಿಯ ಪಕ್ಕ. ಕೊನೆಯಲ್ಲಿ ಉಪದೇಶಿಗಳು ಮೈಕು ಹಿಡಿದರು.

"ನೆನ್ನೆ ಪ್ರಾರ್ಥನೇಲಿ ದೇವ್ರು ನನ್ ಕುಟ್ಟೆ ಮಾತಾಡುದ್ರು" ಅಂದರು. ಜನ ತಲೆಯೆತ್ತಿದರು. "ಈ ಪೊಂಗಲ್‌ಗೆ ದನ ಬಯಲ್ಗೆ ತರ್ಬ್ಯಾಡಿ ಅಂದ್ರು. ಅವರವರ ಕೊಟ್ಗೇಲೇ ಬಾಗ್ಲು ಮುಚ್ಕಂಡು, ಸದ್ದಿಲ್ದಂಗೆ ಪ್ರಾರ್ಥನೆ ಮಾಡಿ ಅಂದ್ರು. ಜೊಲ್ಲು ನಿಲ್ಲಗಂಟ ದೊಡ್ಡೀಗೆ ದನ ಒಡೀಬ್ಯಾಡಿ ಅಂದ್ರು. ಸೋಡಾ ನೀರಲ್ಲಿ ಕೈಕಾಲು ತೊಳೀದೆ ಒಬ್ರ ಕೊಟ್ಗೆ ಒಬ್ರು ಮೆಟ್ಬ್ಯಾಡಿ, ನಾನೂ ಮೆಟ್ಟಾಕಿಲ್ಲ."

ದೇವರು ಒಂದು ಬಕೆಟ್ಟಿಗೆ ಎಷ್ಟು ಸೋಡಾ ಎಂಬುದನ್ನೂ ಹೇಳಿದ್ದರು. ಅಳತೆ ನಾನು ಹೇಳಿದಷ್ಟೇ.

ಪಕ್ಕದ ಕಿಟಕಿಯಿಂದ ಅಟೆಂಡರ್ ಪಿಸುಗುಟ್ಟಿದರು. "ಮೇಡಂ, ದೇವ್ರ ದನಿ ವಸಿ ನಿಮ್ ದನಿ ತರಾನೇ ಇತ್ತಂತಾ?"

ನಾನು ನಗಲಿಲ್ಲ. ಮುಂದಿನ ಬೆಂಚನ್ನು ಬಿಗಿಯಾಗಿ ಹಿಡಿದಿದ್ದೆ. ಕರುವಿನ ಹೆಸರಿಲ್ಲ, ತಪ್ಪಾಯಿತು ಎಂಬ ಮಾತಿಲ್ಲ. ಜಪ ಕಮ್ಮಿ ಅಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಜನ ಮಾತ್ರ ಒಬ್ಬರೂ ಬಿಡದೆ ತಲೆಯಾಡಿಸಿದರು. ನಾನು ಬೀದಿ ಬೀದಿ ಅಲೆದು ಹೇಳಿದಾಗ ಬಾಗಿಲು ಹಾಕಿಕೊಂಡವರು ಅವರೇ.

ಪೊಂಗಲ್ ದಿನ ಬೆಳಿಗ್ಗೆ ಬಯಲು ಖಾಲಿ ಇತ್ತು. ತೊಟ್ಟಿಯನ್ನು ಬೋರಲು ಹಾಕಿದ್ದರು. ನಾನು ಹೊರಗಿನ ಬೀದಿಯಿಂದ ನಡೆಯುತ್ತಾ ಬಂದೆ. ಬಣ್ಣ ಬಳಿದ ಕೊಂಬುಗಳು ಬಾಗಿಲ ಸಂದಿಯಿಂದ ಕಾಣುತ್ತಿದ್ದವು. ಒಳಗೆ ಯಾರೋ ಮೆಲ್ಲಗೆ ತಮಿಳಿನಲ್ಲಿ, ಯಾರೋ ಕನ್ನಡದಲ್ಲಿ. ಕೆಲವು ಕಡೆ ಏನೂ ಇಲ್ಲ, ದನ ಮೆಲುಕು ಹಾಕುವ ಸದ್ದು ಮಾತ್ರ. ಆ ವರ್ಷ ದನ ದೊಡ್ಡಿಗೆ ತಡವಾಗಿ ಹೋದವು, ಗುಣವಾದ ಮೇಲೆ. ದೊಡ್ಡಿಯಲ್ಲಿ ಕರು ಸಾಯಲಿಲ್ಲ.

ಉಪದೇಶಿಗಳ ಕೊಟ್ಟಿಗೆಯ ಬಾಗಿಲೂ ಮುಚ್ಚಿತ್ತು. ಹಲಗೆಯ ಬಿರುಕಿನಲ್ಲಿ ಕಂಡರು. ಬಿಳಿ ಅಂಗಿಯಿಲ್ಲ, ಬರೀ ಬನಿಯನ್ನು. ಮುಂದೆ ಸೋಡಾ ನೀರಿನ ಬಕೆಟ್, ಅದರಲ್ಲಿ ಮೊಣಕೈವರೆಗೆ ಕೈ. ನಾನು ಹೇಳಿದ ಹೊತ್ತು ಎಂದೋ ಮೀರಿರಬೇಕು, ಬೆರಳುಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ಅವರು ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿತ್ತು. ಆ ದೊಡ್ಡ ಗಂಟಲಿನಿಂದ ಒಂದು ಸದ್ದೂ ಇಲ್ಲ. ತುಟಿ ಅಲ್ಲಾಡುತ್ತಿರಲಿಲ್ಲ.

ನೋಡಬಾರದ್ದನ್ನು ನೋಡಿದಂತಾಗಿ ಹಿಂದೆ ಸರಿದೆ. ಕೋಪ ಹೋಯಿತೆಂದು ಹೇಳಲಾರೆ. ಜೀಪಿಗೆ ಬಂದು ಕಿಟಕಿ ಏರಿಸಿ, ಇನ್ನೂ ಕೋಪವಿದೆ ಎಂಬುದನ್ನೇ ಮೊದಲು ಹೇಳಿದೆ. ಆಮೇಲೆ ಬಕೆಟ್ಟಿನಲ್ಲಿದ್ದ ಕೈಗಳ ವಿಷಯ ಹೇಳಿದೆ.

ಯಾರೋ ಗಾಜು ತಟ್ಟಿದರು. ಹಿಂದಿನ ಬೀದಿಯ ಹೆಂಗಸು. ಈ ಸಲ ದನಿ ತಗ್ಗಿಸಿರಲಿಲ್ಲ.

"ಡಾಕ್ಟ್ರಮ್ಮ, ಸೀರೆ ಬಿಚ್ಚಾಕಿವ್ನಿ. ಅಸೂಗೂ ಜೊಲ್ಲು ಬತ್ತಾ ಅದೆ. ಬಂದು ನೋಡಿ."

ಉಳಿದ ಕೊಟ್ಟಿಗೆಗಳನ್ನು ಮೊದಲು ಮುಗಿಸಿ, ಅಲ್ಲಿಗೆ ಕೊನೆಯಲ್ಲಿ ಹೋದೆ.